ಗಡ್ಡಿ ಶಾಲೆಗೆ ಮೊದಲ ದಿನ

ಭಾಗ 1

ಗಡ್ಡಿ ಅಂದ್ರೆ ನಿಮಗೆ ಮೊದಲು ನೆನಪಾಗೋದು ವಿರೂಪಾಪುರಗಡ್ಡಿ. ಹಂಪಿ ಕಡೆ ಟ್ರಿಪ್ ಹೋದೋರೆಲ್ಲ ಅಲ್ಲಿ ಒಂದು ಫೋಟೊ ಹೊಡ್ಕೊಂಡೇ ಬಂದಿರ್ತೀರಿ. ಹೊಳೆ ಸೀಳಿಕೊಂಡು ಎರಡಾಗಿ ಹರಿದು, ಮುಂದೆ ಹೋಗಿ ಮತ್ತೆ ಕೂಡಿಕೊಂಡಾಗ ನಡುವೆ ಉಳಿಯೋ ನೆಲಾನೇ ಗಡ್ಡಿ. ಪುಸ್ತಕದಲ್ಲಿ ನಡುಗಡ್ಡೆ ಅಂತ ಬರೀತಾರೆ. ದ್ವೀಪ ಅಂದ ಕೂಡ್ಲೇ ನಮ್ಮ ಕಣ್ಣಿಗೆ ಸಮುದ್ರ, ತೆಂಗಿನ ಮರ, ಲಕ್ಷದ್ವೀಪ ಬರುತ್ತೆ. ಆದ್ರೆ ಕಾನಹೊಸಹಳ್ಳಿಯಿಂದ ಬೆಳಗ್ಗೆ ಬಸ್ ಹತ್ತಿದ್ರೆ ಅದೇ ದಿನ ಮುಟ್ಟಬಹುದಾದ ದೂರದಲ್ಲಿ, ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಲ್ಲಿ, ಕೃಷ್ಣಾ ನದಿಯ ಒಳಗೆ ಜನ ಸಂಸಾರ ಮಾಡ್ಕೊಂಡಿರೋ ದ್ವೀಪಗಳು ಅದಾವೆ. ಅಲ್ಲಿ ಹೊಲ ಐತೆ, ಎಮ್ಮೆ ಐತೆ, ಗುಡಿ ಐತೆ. ಮಕ್ಕಳೂ ಇದಾರೆ. ಮಕ್ಕಳಿದ್ದ ಮೇಲೆ ಶಾಲೆ ಬೇಕು.

ಮೇ ಕೊನೆಗೆ, ಜೂನ್ ಶುರುವಿಗೆ ನಿಮ್ಮ ಫೀಡ್ ತುಂಬ ಪ್ರಾರಂಭೋತ್ಸವದ ಫೋಟೊ ಬರ್ತವೆ. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಪುಟಾಣಿಗಳ ಕೈಗೆ ಹೂವು, ಬಿಸಿಯೂಟಕ್ಕೆ ಸಿಹಿ. ಕೆಲವು ಊರಲ್ಲಿ ಎತ್ತಿನ ಗಾಡಿ ಮೇಲೆ ಕೂರಿಸಿ ಮೆರವಣಿಗೆ. ನೋಡೋಕೆ ಚೆಂದ, ಲೈಕ್ ಒತ್ತಿ ಮುಂದೆ ಹೋಗ್ತೀವಿ. ನನ್ನ ತಲೆಗೆ ಹೊಕ್ಕ ಪ್ರಶ್ನೆ ಬೇರೆ. ಎತ್ತಿನ ಗಾಡಿ ಹೋಗೋಕೆ ದಾರೀನೇ ಇಲ್ಲದ, ಸುತ್ತ ನೀರಿರೋ ಊರಲ್ಲಿ ಮೊದಲ ದಿನ ಅಂದ್ರೆ ಏನು? ಅವತ್ತು ಯಾರು ಹೊಳೆ ದಾಟಬೇಕು, ಮಾಸ್ತರೋ ಮಕ್ಕಳೋ?

ಇದು ಬರೀ ಇವತ್ತಿನ ಪ್ರಶ್ನೆ ಅಲ್ಲ. ಹಿಂದಕ್ಕೆ ಹೋದಷ್ಟೂ ಮಜಾ ಐತೆ. ಬನ್ನಿ.

ಭಾಗ 2

ನೀರಿಗಿಳಿಯೋ ಮುಂಚೆ ನಮ್ಮ ದಡದಲ್ಲೇ ಸ್ವಲ್ಪ ನಿಂತು ನೋಡೋಣ. ಇನ್ನೂರು ವರ್ಷದ ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿ ಶಾಲೆಯ ಮೊದಲ ದಿನ ಹೆಂಗಿತ್ತು ಅನ್ನೋದಕ್ಕೆ ಬರಹದ ದಾಖಲೆ ಇದೆ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಎಲ್ಲ ಕಲೆಕ್ಟರುಗಳಿಗೂ ಒಂದು ಆದೇಶ ಕಳಿಸ್ತಾನೆ: ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆ, ಎಷ್ಟು ಮಕ್ಕಳು, ಏನು ಓದ್ತಾರೆ, ಲೆಕ್ಕ ಕೊಡಿ. ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಉಳಿದ ಎಷ್ಟೋ ಕಲೆಕ್ಟರುಗಳು ಬರೀ ಪಟ್ಟಿ ಕಳಿಸಿ ಕೈ ತೊಳ್ಕೊಂಡ್ರು. ಈ ಮನುಷ್ಯ ಮಾತ್ರ ಶಾಲೆಯ ಒಳಗೆ ಇಣುಕಿ ನೋಡಿದಂಗೆ ಬರೆದಿದಾನೆ.

ಅವನ ಪ್ರಕಾರ ಮಗುಗೆ ಐದು ವರ್ಷ ತುಂಬಿದಾಗ ಮೊದಲು ಮಗು ಶಾಲೆಗೆ ಹೋಗೋದಲ್ಲ, ಶಾಲೇನೇ ಮಗುವಿನ ಮನೆಗೆ ಬರುತ್ತೆ. ಮೇಷ್ಟ್ರನ್ನೂ ಎಲ್ಲ ಹುಡುಗರನ್ನೂ ಮನೆಗೆ ಕರೀತಾರೆ. ನಡುವೆ ಗಣಪತಿ, ಸುತ್ತ ಎಲ್ಲರೂ. ಗಣಪನ ಎದುರಿಗೇ ಮಗುನ ಕೂರಿಸ್ತಾರೆ. ಧೂಪ ಹಾಕಿ, ನೈವೇದ್ಯ ಇಟ್ಟು, ಬುದ್ಧಿ ಕೊಡಪ್ಪಾ ಅಂತ ಮೇಷ್ಟ್ರು ಹೇಳಿಕೊಟ್ಟದ್ದನ್ನ ಮಗು ಹೇಳುತ್ತೆ. ಆಮೇಲೆ ಮೇಷ್ಟ್ರು ಅದರ ಬೆರಳು ಹಿಡಿದು ಅಕ್ಕಿ ಮೇಲೆ ದೇವರ ಹೆಸರು ಬರೆಸ್ತಾರೆ. ಮನೆಯವರು ಕೈಲಾದಷ್ಟು ಕಾಣಿಕೆ ಕೊಟ್ಟು ಮೇಷ್ಟ್ರನ್ನ ಕಳಿಸ್ತಾರೆ. ಮಗು ಶಾಲೆ ಕಡೆ ಹೆಜ್ಜೆ ಹಾಕೋದು ಮಾರನೇ ದಿನ ಬೆಳಗ್ಗೆ. ಅಕ್ಕಿ ಮೇಲೆ ಬರೆಸೋದು ನಮ್ಮ ಎಷ್ಟೋ ಮನೆಗಳಲ್ಲಿ ಈಗಲೂ ಐತೆ, ನಿಮಗೂ ಮಾಡಿಸಿರ್ತಾರೆ. ಅಮ್ಮನ್ನ ಕೇಳಿ ನೋಡಿ.

ಶಾಲೆ ಬೆಳಗ್ಗೆ ಆರಕ್ಕೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಅಂತ ಬರೀತಾರೆ. ಎರಡನೆಯವನ ಕೈಗೆ ಸೊನ್ನೆ, ಅಂದ್ರೆ ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹಂಗೇ ಏರ್ತಾ ಹೋಗುತ್ತೆ. ಫಸ್ಟ್ ಅವರ್‌ಗೆ ಲೇಟಾಗಿ ಬರೋ ನಮ್ಮ ಬ್ಯಾಚಿನ ಕೆಲವರಿಗೆ ಆಗ ಎಷ್ಟು ಬೀಳ್ತಿತ್ತೋ ನೀವೇ ಲೆಕ್ಕ ಹಾಕಿ.

ಮೊದಲ ಪಾಠ ಬಾಯಿಂದ ಹೇಳೋದಲ್ಲ. ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಕ್ಷರ ತೀಡೋದು. ಮರಳಲ್ಲಿ ಕೈ ಪಳಗಿದ ಮೇಲೇ ಓಲೆಗರಿ ಮೇಲೆ ಕಬ್ಬಿಣದ ಕಂಠದಲ್ಲಿ, ಇಲ್ಲಾ ಲಾಳದ ಕಡ್ಡಿಯಲ್ಲಿ ಕಾಗದದ ಮೇಲೆ, ಒಮ್ಮೊಮ್ಮೆ ಈಶ್ವರಿ ಬಳ್ಳಿಯ ಎಲೆ ಮೇಲೆ ಬರೆಯೋ ಯೋಗ್ಯತೆ ಬರೋದು. ಹಲಗೆ, ಕಡತದ ಹೆಸರೂ ಅವನ ವರದಿಯಲ್ಲಿ ಬರುತ್ತೆ. ನಾವು ಆಫೀಸಿನ ಫೈಲಿಗೆ ಕಡತ ಅಂತೀವಲ್ಲ, ಆಗ ಅದು ಹುಡುಗರ ಸ್ಲೇಟು!

ಈಗ ಲೆಕ್ಕ. ಆಗಿನ ಬಳ್ಳಾರಿ ಜಿಲ್ಲೆ ದೊಡ್ಡದು, ಇವತ್ತಿನ ಆಂಧ್ರದ ಅನಂತಪುರ ಕಡೆಯೂ ಅದರಲ್ಲೇ ಇತ್ತು. ಜನ 9,27,857. ಶಾಲೆ 533. ಅದರಲ್ಲಿ ಕನ್ನಡದವು 235, ತೆಲುಗಿನವು 226, ಉಳಿದದ್ದು ಮರಾಠಿ, ಪರ್ಷಿಯನ್, ಸಂಸ್ಕೃತ, ತಮಿಳು, ಜೊತೆಗೆ ಒಂದೇ ಒಂದು ಇಂಗ್ಲಿಷ್. ಮಕ್ಕಳು ಒಟ್ಟು 6,641. ಅಂದ್ರೆ ಒಂದು ಶಾಲೆಗೆ ಸರಾಸರಿ ಹನ್ನೆರಡು ಹುಡುಗರು. ಆ 6,641ರಲ್ಲಿ ಹುಡುಗಿಯರು ಎಷ್ಟು ಗೊತ್ತಾ? 60.

ಈ 60 ಅನ್ನೋ ಅಂಕಿ ಒಂಚೂರು ನೆನಪಿಟ್ಕೊಳ್ಳಿ. ಗಡ್ಡಿಗೆ ಹೋದಾಗ ಬೇಕಾಗುತ್ತೆ.

ಕ್ಯಾಂಪ್‌ಬೆಲ್ ಇನ್ನೊಂದು ಮಾತೂ ಬರೆದಿದಾನೆ, ಕಾಮರ್ಸ್ ಓದೋರಿಗೆ ಇಂಟರೆಸ್ಟಿಂಗ್. ಹಳೇ ಶಾಲೆಗಳು ಎಷ್ಟೋ ಕಡೆ ಮುಚ್ಚಿ ಹೋಗಿದಾವೆ, ಕಾರಣ ಜನರ ಬಡತನ. ಯುರೋಪಿನ ಬಟ್ಟೆ ಬಂದು ಇಲ್ಲಿನ ನೇಕಾರರ ದುಡಿಮೆ ಬಿತ್ತು ಅಂತ. ಕಂಪನಿ ಸರ್ಕಾರದ ಕಲೆಕ್ಟರೇ ಇದನ್ನ ಕಂಪನಿ ಸರ್ಕಾರಕ್ಕೆ ಬರೆದದ್ದು. ಶಾಲೆ ಮುಚ್ಚೋಕೆ ಕಾರಣ ಶಾಲೆಯಿಂದ ಹೊರಗೇ ಇರುತ್ತೆ ಅಂತ 1823ರಲ್ಲೇ ಒಬ್ಬ ಆಫೀಸರಿಗೆ ಹೊಳೆದಿತ್ತು.

ಭಾಗ 3

ಈಗ ಹೊಳೆಗೆ ಇಳಿಯೋಣ. ಗಡ್ಡಿಯ ಮಾಸ್ತರಿಗೂ ಮಕ್ಕಳಿಗೂ ಗಾಡಿ ಅಂದ್ರೆ ಹರಿಗೋಲು. ಬಿದಿರಿನ ಬೆತ್ತ ಹೆಣೆದ ದೊಡ್ಡ ದುಂಡು ಬುಟ್ಟಿ. ಹಿಂದೆ ಹೊರಗಡೆ ತೊಗಲು ಹೊದಿಸ್ತಿದ್ರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿ ಹತ್ತಿರ ಜನ ಹೊಳೆ ದಾಟೋದನ್ನ ನೋಡಿ ಬೆರಗಾಗಿ ಬರೆದ: ಬುಟ್ಟಿ ಥರದ ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡೀತಾರೆ, ಬೇಕಾದ್ರೆ ಕುದುರೆ, ಎತ್ತನ್ನೂ ದಾಟಿಸ್ತಾರೆ, ಆದ್ರೆ ನೆಟ್ಟಗೆ ಹೋಗಲ್ಲ, ತಿರುಗ್ತಾ ತಿರುಗ್ತಾನೇ ಹೋಗುತ್ತೆ. ಐನೂರು ವರ್ಷ ಆಯ್ತು. ಹೊದಿಕೆ ಬಿಟ್ರೆ ಹೆಚ್ಚೇನೂ ಬದಲಾಗಿಲ್ಲ.

ಟೂರಿಸ್ಟ್ ಆಗಿ ಹತ್ತಿದ್ರೆ ಆ ತಿರುಗು ಮಜಾ. ನಾನೂ ರೀಲ್ ಮಾಡಿದೀನಿ, ಸುಳ್ಳು ಯಾಕೆ ಹೇಳ್ಲಿ. ದಿನಾ ಪಾಟಿಚೀಲ ಹೆಗಲಿಗೆ ಹಾಕ್ಕೊಂಡು ಹತ್ತೋರಿಗೆ ಅದು ಮಜಾ ಅಲ್ಲ. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕಲಾ ಹತ್ತಿರ ಊರಿಗೆ ವಾಪಸ್ ಬರ್ತಿದ್ದ ಹರಿಗೋಲು ಮಗುಚಿ ಜನ ನೀರುಪಾಲಾದ್ರು.

ಭಾಗ 4

ಗಡ್ಡಿಗಳ ಹೆಸರು ಒಮ್ಮೆ ಬಾಯಲ್ಲಿ ಹೇಳಿ ನೋಡಿ. ರಾಯಚೂರು ತಾಲ್ಲೂಕಿನಲ್ಲಿ ಕುರ್ವಕಲಾ, ಕುರ್ವಕುರ್ದಾ, ನಾರದಗಡ್ಡೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಜಲದುರ್ಗ ಕೋಟೆಯ ಆಸುಪಾಸಿನಲ್ಲಿ ಕರಕಲಗಡ್ಡಿ, ಮ್ಯಾದರಗಡ್ಡಿ. ಯಾದಗಿರಿ ಜಿಲ್ಲೆಯ ಕಕ್ಕೇರಾ ಕಡೆ ನೀಲಕಂಠರಾಯನಗಡ್ಡಿ. ಕೃಷ್ಣೆ ಇಲ್ಲಿ ಬಂಡೆಗಳ ನಡುವೆ ಹತ್ತಾರು ಸೀಳಾಗಿ ಹರಿಯುತ್ತೆ, ಹಂಗಾಗಿ ಇಷ್ಟೊಂದು ಗಡ್ಡಿ.

ಇವೆಲ್ಲಕ್ಕಿಂತ ಹೆಸರಾದದ್ದು ಕುರ್ವಾಪುರ, ಅಂದ್ರೆ ಕುರುಗಡ್ಡಿ. ದತ್ತ ಪರಂಪರೆಯ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ದೂರದೂರದಿಂದ ಭಕ್ತರು ಬಂದು ದೋಣಿ ಹತ್ತಿ ದಾಟ್ತಾರೆ. ಗುರುಚರಿತ್ರೆಯಲ್ಲಿ ಈ ಗಡ್ಡಿಗೆ ಸಂಬಂಧಪಟ್ಟ ಕಥೆಯೊಂದು ಐತೆ, ಅದು ನೇರವಾಗಿ ನಮ್ಮ ವಿಷಯಕ್ಕೇ ತಾಕುತ್ತೆ. ಒಬ್ಬ ವಿಧವೆ ತಾಯಿ, ಅವಳಿಗೆ ಓದು ತಲೆಗೆ ಹತ್ತದ ಮಗ. ಊರವರ ಹಂಗಿಸೋ ಮಾತು ತಾಳಲಾರದೆ ತಾಯಿ ಮಗ ಇಬ್ಬರೂ ಕೃಷ್ಣೆಗೆ ಬಿದ್ದು ಸಾಯೋಕೆ ಬರ್ತಾರೆ. ಗುರುಗಳು ತಡೆದು, ಹುಡುಗನ ತಲೆ ಮೇಲೆ ಕೈಯಿಡ್ತಾರೆ, ಅವನು ಪಂಡಿತನಾಗ್ತಾನೆ.

ಪವಾಡ ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಾನು ನೋಡೋದು ಬೇರೆ. ಓದು ಸಿಗದಿದ್ರೆ ಮಗನ ಬದುಕೇ ಮುಗೀತು ಅನ್ನೋ ಆ ತಾಯಿಯ ಸಂಕಟ ಹೊಸದಲ್ಲ, ಕೃಷ್ಣೆಯ ಆ ನಡುಗಡ್ಡೆಯಲ್ಲಿ ಅದಕ್ಕೆ ಶತಮಾನಗಳ ವಯಸ್ಸಾಗಿದೆ. ಆ ಕಥೆಯಲ್ಲಿ ಹುಡುಗನಿಗೆ ಗುರು ಸಿಕ್ಕಿದ್ದು ನೀರಿನ ಅಂಚಿನಲ್ಲೇ.

ಭಾಗ 5 (ಇದು ಚಿಕ್ಕದು)

ಇವತ್ತು ನಾವೆಲ್ಲ ಕಲ್ಯಾಣ ಕರ್ನಾಟಕ ಅಂತ ಒಂದೇ ಪಟ್ಟಿಯಲ್ಲಿ ಇದೀವಿ. 1948ರ ತನಕ ಹಂಗಿರಲಿಲ್ಲ. ಕೂಡ್ಲಿಗಿ ಮದ್ರಾಸಿಗೆ ಸೇರಿತ್ತು, ತುಂಗಭದ್ರೆ ದಾಟಿದ್ರೆ ನಿಜಾಮರ ಹೈದರಾಬಾದ್. ಕೃಷ್ಣೆಯ ಈ ಗಡ್ಡಿಗಳು ಅಲ್ಲಿಗೆ ಸೇರಿದವು. ಆ ಸಂಸ್ಥಾನದ ಆಡಳಿತ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಮೇಲೆ ಓದಬೇಕು, ನೌಕರಿ ಬೇಕು ಅಂದ್ರೆ ಕನ್ನಡದ ಮನೆಯ ಹುಡುಗ ಮನೆಯಲ್ಲಿ ಕೇಳದ ಭಾಷೆಯೊಳಗೆ ಕಾಲಿಡಬೇಕು. ಅದೂ ಒಂಥರ ಹೊಳೆ ದಾಟೋದೇ. ಕನ್ನಡಕ್ಕಾಗಿ ಜನರೇ ಸೇರಿ ಕಟ್ಟಿದ ಶಾಲೆಗಳು ಇದ್ದವು: ಕಲಬುರಗಿಯ ನೂತನ ವಿದ್ಯಾಲಯ 1907ರದ್ದು, ಕುಕನೂರಿನ ವಿದ್ಯಾನಂದ ಗುರುಕುಲ 1922ರದ್ದು. ಗಡ್ಡಿಯ ಮಗುವಿಗೆ ಕಲಬುರಗಿ, ಕುಕನೂರು ಎರಡೂ ಕೈಗೆಟುಕದ ದೂರ.

1948ರ ಸೆಪ್ಟೆಂಬರ್ 17 ಆಯ್ತು, 1956ರ ನವೆಂಬರ್ 1 ಆಯ್ತು, ಕನ್ನಡ ಶಾಲೆಗಳು ಬಂದವು. ಭಾಷೆಯ ಹೊಳೆ ಬತ್ತಿತು. ನೀರಿನ ಹೊಳೆ ಇದ್ದಲ್ಲೇ ಇತ್ತು.

ಭಾಗ 6

ಮೊದಲ ದಿನದ ತಾರೀಖು ಯಾರು ಇಡ್ತಾರೆ? ಬೆಂಗಳೂರಿನಲ್ಲಿ ಶಿಕ್ಷಣ ಇಲಾಖೆ ಇಡುತ್ತೆ. ಮೇ ಕೊನೆ ಅಥವಾ ಜೂನ್ ಮೊದಲ ವಾರ. ಆಗ ಕೃಷ್ಣೆಯಲ್ಲಿ ನೀರು ಇನ್ನೂ ಇಳಿದಿರುತ್ತೆ. ಎಷ್ಟೋ ಸೀಳುಗಳಲ್ಲಿ ಬಂಡೆ ಮೇಲೆ ಬಂಡೆ ತುಳಿದು ನಡೆದೇ ದಾಟಬಹುದು. ಮಾಸ್ತರು ಬರ್ತಾರೆ, ಬೀಗ ತೆಗೀತಾರೆ, ತೋರಣ ಕಟ್ತಾರೆ, ಹೊಸ ಮಗುವಿನ ಹೆಸರು ಹಾಜರಿಯಲ್ಲಿ ಏರುತ್ತೆ. ಇಲ್ಲೀತನಕ ಎಲ್ಲ ನಮ್ಮೂರಿನಂಗೇ.

ಸಮಸ್ಯೆ ಶುರುವಾಗೋದು ಜುಲೈಗೆ. ತಮಾಷೆ ಅಂದ್ರೆ ಆಗ ಗಡ್ಡಿಯಲ್ಲಿ ಮಳೆ ಇರಲೇಬೇಕು ಅಂತಿಲ್ಲ, ಬಿಸಿಲು ಹೊಡೀತಿರಬಹುದು. ಮಳೆ ಬಿದ್ದಿರೋದು ಮಹಾಬಳೇಶ್ವರದ ಕಡೆ, ಮಹಾರಾಷ್ಟ್ರದ ಘಟ್ಟದಲ್ಲಿ. ಆ ನೀರು ಆಲಮಟ್ಟಿಗೆ ಬಂದು, ಅಲ್ಲಿಂದ 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರಕ್ಕೆ ಬಂದು, ಅಲ್ಲಿ ಗೇಟ್ ಎತ್ತಿದಾಗ ಗಡ್ಡಿಯ ದಾರಿ ಮುಚ್ಚುತ್ತೆ. ಲಿಂಗಸುಗೂರು ಕಡೆಯ ಶೀಲಹಳ್ಳಿ ಸೇತುವೆ ಮುಳುಗಿತು ಅನ್ನೋ ಸುದ್ದಿ ಮಳೆಗಾಲದಲ್ಲಿ ಪೇಪರಿನಲ್ಲಿ ಮತ್ತೆ ಮತ್ತೆ ಬರ್ತಿರುತ್ತೆ, ಗಮನಿಸಿ.

ಒಂದು ಲಕ್ಷ ಕ್ಯೂಸೆಕ್ ಅಂತ ಟಿವಿಯವರು ಹೇಳ್ತಾರಲ್ಲ, ಅದನ್ನ ನಮ್ಮ ಭಾಷೆಗೆ ತರ್ತೀನಿ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಒಂದು ಲಕ್ಷಕ್ಕೆ ಸೆಕೆಂಡಿಗೆ 28 ಲಕ್ಷ ಲೀಟರ್. ಬೇಸಿಗೆಯಲ್ಲಿ ನಮ್ಮ ಓಣಿಗೆ ಬರೋ 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಸೆಕೆಂಡಿಗೆ 560ಕ್ಕೂ ಹೆಚ್ಚು ಟ್ಯಾಂಕರ್. 2019ರ ಆಗಸ್ಟ್ ಪ್ರವಾಹದಲ್ಲಿ ನಾರಾಯಣಪುರದಿಂದ ಬಿಟ್ಟಿದ್ದು ಆರು ಲಕ್ಷ ಕ್ಯೂಸೆಕ್ ಆಸುಪಾಸು. ಬೋರ್‌ವೆಲ್ ಬತ್ತಿ ಕೊಡ ಹಿಡಿದು ಕ್ಯೂ ನಿಲ್ಲೋ ಊರಿನ ನಮಗೆ ನೀರು ಹೆಚ್ಚಾಗಿ ಶಾಲೆ ತಪ್ಪೋದು ಅಂದ್ರೆ ಕಲ್ಪನೆಗೂ ನಿಲುಕಲ್ಲ.

ಅದೇ 2019ರ ಆಗಸ್ಟ್‌ನಲ್ಲಿ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿ ಹತ್ತಿರ ಸೇತುವೆ ಮುಳುಗಿ ಆಂಬುಲೆನ್ಸ್ ಒಂದು ದಾರಿ ಕಾಣದೆ ನಿಂತಿತ್ತು. ಶಾಲೆಗೆ ಹೋಗೋ ಒಬ್ಬ ಹುಡುಗ ಎದೆಮಟ್ಟ ನೀರಲ್ಲಿ ಮುಂದೆ ಓಡ್ತಾ, ಬೀಳ್ತಾ ಏಳ್ತಾ ದಾರಿ ತೋರಿಸಿದ. ಆ ವಿಡಿಯೊ ನಿಮ್ಮಲ್ಲಿ ತುಂಬ ಜನ ಶೇರ್ ಮಾಡಿದ್ರಿ. ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು, ಬರಲೇಬೇಕಿತ್ತು. ಆದ್ರೆ ನೀರಿನ ಕೆಳಗೆ ರಸ್ತೆ ಎಲ್ಲಿ ತಿರುಗುತ್ತೆ ಅಂತ ಅವನ ಕಾಲಿಗೆ ಗೊತ್ತಿತ್ತಲ್ಲ, ಅದು ಅವನಿಗೆ ಯಾವ ಪುಸ್ತಕದಿಂದ ಬಂತು?

ಹಿಂಗಾಗಿ ಗಡ್ಡಿಯಲ್ಲಿ ಮೊದಲ ದಿನ ವರ್ಷಕ್ಕೆ ಒಂದೇ ಸಲ ಬರಲ್ಲ. ನೀರು ಏರಿದಾಗ ಮಾಸ್ತರು ಆಚೆ ದಡದಲ್ಲಿ, ಮಕ್ಕಳು ಈಚೆ. ನೀರು ಇಳಿದ ಮೇಲೆ ಮತ್ತೆ ಬೀಗ ತೆಗೆಯೋ ದಿನ ಇನ್ನೊಂದು ಮೊದಲ ದಿನ. ಅವತ್ತು ತೋರಣ ಇರಲ್ಲ, ಸಿಹಿ ಇರಲ್ಲ, ಫೋಟೊಗ್ರಾಫರ್ ಇರಲ್ಲ.

ಭಾಗ 7

ಎರಡು ವಿಷಯ ಇಲ್ಲಿ ಹೇಳಲೇಬೇಕು, ಯಾಕಂದ್ರೆ ಇವೆರಡೂ ನಮ್ಮ ಬಾಲ್ಯದ್ದೂ ಹೌದು.

ಒಂದು, ನಲಿ-ಕಲಿ. ಕಲಿಕಾ ಏಣಿ ನೆನಪಿದೆಯಾ? ಗೋಡೆಗೆ ತೂಗು ಹಾಕಿದ ಚಿತ್ರ, ಆನೆ ಕಾರ್ಡು, ನವಿಲು ಕಾರ್ಡು, ಒಂದು ಎರಡು ಮೂರನೇ ಕ್ಲಾಸಿನವರೆಲ್ಲ ಒಂದೇ ರೂಮಲ್ಲಿ ದುಂಡಗೆ ಕೂತದ್ದು? ಸರ್ಕಾರಿ ಶಾಲೆಯಲ್ಲಿ ಓದಿದ ನಮ್ಮ ವಯಸ್ಸಿನವರಿಗೆ ಗೊತ್ತಿರುತ್ತೆ. ಅದು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಯ್ತು, ಆಂಧ್ರದ ರಿಷಿವ್ಯಾಲಿಯ ಪದ್ಧತಿ ನೋಡ್ಕೊಂಡು ಬಂದ ನಮ್ಮ ಸರ್ಕಾರಿ ಶಾಲೆ ಮೇಷ್ಟ್ರುಗಳೇ ಕಟ್ಟಿದ್ದು. 2009-10ರಲ್ಲಿ ಇಡೀ ರಾಜ್ಯಕ್ಕೆ ಬಂತು. ಪೇಟೆ ಶಾಲೆಯವರು ಅದನ್ನ ಆಟದ ಶಾಲೆ ಅಂತ ನಗ್ತಾರೆ. ಗಡ್ಡಿಯ ಕಣ್ಣಿನಿಂದ ನೋಡಿದ್ರೆ ಅದರ ಬೆಲೆ ಗೊತ್ತಾಗುತ್ತೆ. ಒಬ್ಬರೇ ಮಾಸ್ತರು ಹಲವು ತರಗತಿ ನಡೆಸೋಕೆ ಅದು ಮಾಡಿದ್ದು. ಇನ್ನೂ ಮುಖ್ಯ ಅಂದ್ರೆ, ಹದಿನೈದು ದಿನ ತಪ್ಪಿಸಿಕೊಂಡ ಮಗು ವಾಪಸ್ ಬಂದಾಗ ಏಣಿಯಲ್ಲಿ ತಾನು ನಿಂತಿದ್ದ ಮೆಟ್ಟಿಲಿಂದಲೇ ಮುಂದೆ ಹತ್ತುತ್ತೆ. ಪಾಠ ಮುಂದೆ ಓಡಿ ಹೋಗಿರಲ್ಲ. ಪ್ರವಾಹದ ಊರಿಗೆ ಇದಕ್ಕಿಂತ ಹೊಂದೋ ಪದ್ಧತಿ ನನಗಂತೂ ಕಂಡಿಲ್ಲ.

ಎರಡು, ಬಿಸಿಯೂಟ. 1995ರಿಂದ ಮಕ್ಕಳಿಗೆ ತಿಂಗಳಿಗೆ 3 ಕೆ.ಜಿ. ಅಕ್ಕಿ ಮನೆಗೆ ಕೊಡ್ತಿದ್ರು. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಶುರುವಾಗಿ ಬೇಯಿಸಿದ ಊಟ ಬಂತು, ಅದೂ ಮೊದಲು ಬಂದದ್ದು ಏಳು ಜಿಲ್ಲೆಗೆ: ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆ. ನಮ್ಮ ಕೂಡ್ಲಿಗಿ ಆಗ ಬಳ್ಳಾರಿ, ಸುರಪುರ ಆಗ ಕಲಬುರಗಿ. ಅಂದ್ರೆ ಆ ವರ್ಷದ ಮೊದಲ ದಿನಗಳಲ್ಲಿ ನಮ್ಮೂರಿನ ಮಗುವಿಗೂ ಕೃಷ್ಣೆ ದಂಡೆಯ ಮಗುವಿಗೂ ಒಂದೇ ಯೋಜನೆಯ ತಟ್ಟೆ. ಆದ್ರೆ ಆ ಅಕ್ಕಿ, ಬೇಳೆ, ಎಣ್ಣೆ, ಈಗ ಹಾಲಿನ ಪುಡಿ, ಗ್ಯಾಸ್ ಸಿಲಿಂಡರ್ ಸಮೇತ, ಗಡ್ಡಿಗೆ ಹೋಗೋದು ನೀರಿನ ಮೇಲೆ. ಪಠ್ಯಪುಸ್ತಕ, ಸಮವಸ್ತ್ರವೂ ಹಂಗೇ. ಕಾಸ್ಟಿಂಗ್ ಕ್ಲಾಸಿನಲ್ಲಿ ಕ್ಯಾರೇಜ್ ಇನ್‌ವರ್ಡ್ಸ್ ಅಂತ ಒಂದು ಕಾಲಂ ಹಾಕ್ತೀವಲ್ಲ, ಗಡ್ಡಿ ಶಾಲೆಯಲ್ಲಿ ಆ ಕಾಲಂ ಯಾರ ಹೆಗಲ ಮೇಲೆ ಬೀಳುತ್ತೆ ಯೋಚನೆ ಮಾಡಿ.

ಭಾಗ 8

ಈಗ ಈ ಸೀರೀಸಿನ ನಿಜವಾದ ಮಾತಿಗೆ ಬರ್ತೀನಿ. ಒಂದನೇ ಕ್ಲಾಸಿನ ಮೊದಲ ದಿನ ಗಡ್ಡಿಯಲ್ಲಿ ಅಷ್ಟು ಕಷ್ಟ ಅಲ್ಲ. ಕಷ್ಟ ಇರೋದು ಆರನೇ ಕ್ಲಾಸಿನ ಮೊದಲ ದಿನ.

ಸಣ್ಣ ಊರಿಗೆ ಸಾಮಾನ್ಯವಾಗಿ ಸಿಗೋದು ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದು. ಅಲ್ಲೀತನಕ ಹೊಳೆ ದಾಟೋದು ಮಾಸ್ತರು. ಐದು ಮುಗಿದ ಮರುವರ್ಷ ಹೊಳೆ ದಾಟೋ ಸರದಿ ಮಗುವಿನದ್ದು, ಹತ್ತು ಹನ್ನೊಂದು ವರ್ಷದ್ದು. ಅಪ್ಪ ಅಮ್ಮ ದಡದಲ್ಲಿ ನಿಂತು ಯೋಚನೆ ಮಾಡ್ತಾರೆ. ಹುಡುಗ ಆದ್ರೆ, ಈಜು ಬರುತ್ತೆ, ಹೋಗ್ಲಿ ಅಂತಾರೆ. ಹುಡುಗಿ ಆದ್ರೆ? ನಾನು ನೆನಪಿಟ್ಕೊಳ್ಳಿ ಅಂದಿದ್ದ 60 ಇಲ್ಲಿಗೆ ಬರುತ್ತೆ. 1823ರಲ್ಲಿ ಒಣನೆಲದ ಬಳ್ಳಾರಿಯಲ್ಲೇ 6,641ಕ್ಕೆ 60 ಹುಡುಗಿಯರಿದ್ದರು. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ 75.36%, ಯಾದಗಿರಿ ಜಿಲ್ಲೆಯದ್ದು 51.83%, ರಾಜ್ಯದಲ್ಲೇ ಎಲ್ಲರಿಗಿಂತ ಕೆಳಗೆ. ಯಾದಗಿರಿಯ ಹೆಣ್ಣುಮಕ್ಕಳದ್ದು 41% ಚಿಲ್ಲರೆ. ಅದಕ್ಕೆಲ್ಲ ಹೊಳೆಯೇ ಕಾರಣ ಅಂತ ನಾನು ಹೇಳ್ತಿಲ್ಲ. ಬಡತನ, ಗುಳೆ ಹೋಗೋದು, ಬಾಲ್ಯವಿವಾಹ ಎಲ್ಲ ಐತೆ. ಆದ್ರೆ ಬಿಡಿಸೋಕೆ ಒಂದು ನೆಪ ಹುಡುಕ್ತಿರೋ ಮನೆಗೆ ತುಂಬಿದ ಹೊಳೆಗಿಂತ ದೊಡ್ಡ ನೆಪ ಬೇಕಾ?

ಗಡ್ಡಿಯ ಹೆಣ್ಣುಮಕ್ಕಳಿಗೆ ಹೊಳೆ ದಾಟೋ ಧೈರ್ಯ ಇಲ್ಲ ಅಂತ ಯಾರೂ ಹೇಳೋ ಹಂಗಿಲ್ಲ. 2014ರ ಜುಲೈ ಕೊನೆಗೆ ನೀಲಕಂಠರಾಯನಗಡ್ಡಿಯ ಒಬ್ಬ ತುಂಬು ಗರ್ಭಿಣಿ, ಹೆರಿಗೆಗೆ ಆಚೆ ದಡ ಮುಟ್ಟಲೇಬೇಕು ಅಂತ, ಸೋರೆಬುರುಡೆ ಕಟ್ಕೊಂಡು ಮನೆಯವರ ಜೊತೆ ಉಕ್ಕೋ ಕೃಷ್ಣೆಯನ್ನ ಈಜಿ ದಾಟಿದಳು. ದೇಶವೆಲ್ಲ ಸುದ್ದಿ ಆಯ್ತು. ಅವಳ ಸಾಹಸ ಅಂತ ಹೆಡ್‌ಲೈನ್ ಹಾಕಿದ್ರು. ಸಾಹಸ ಹೌದು. ಅವಳು ಅದನ್ನ ಮಾಡಬೇಕಾಗಿ ಬಂದಿದ್ದು ಯಾರ ಲೆಕ್ಕಕ್ಕೆ ಬರೀಬೇಕು?

ಕಾನೂನು ಏನು ಹೇಳುತ್ತೆ ನೋಡ್ರಿ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1. ಅದರ ಕೇಂದ್ರ ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಗೆ ಶಾಲೆ ನಡೆದು ಹೋಗೋ 1 ಕಿ.ಮೀ. ಒಳಗಿರಬೇಕು, ಆರರಿಂದ ಎಂಟಕ್ಕೆ 3 ಕಿ.ಮೀ. ಎಲ್ಲರಿಗೂ ಗೊತ್ತಿರೋದು ಇಷ್ಟೇ. ಅದೇ ನಿಯಮದ ಕೆಳಗೆ ಇನ್ನೊಂದು ಸಾಲಿನ ಅರ್ಥ ಹಿಂಗಿದೆ: ದುರ್ಗಮ ಜಾಗ, ಭೂಕುಸಿತ, ಪ್ರವಾಹ, ರಸ್ತೆ ಇಲ್ಲದಿರೋದು, ಇಂಥ ಅಪಾಯ ಇರೋ ಕಡೆ ಸರ್ಕಾರ ಈ ದೂರದ ಮಿತಿಯನ್ನ ಇನ್ನೂ ಕಡಿಮೆ ಮಾಡಿ, ಅಪಾಯ ತಪ್ಪೋ ಹಂಗೆ ಶಾಲೆ ಇಡಬೇಕು. ಪ್ರವಾಹ ಅನ್ನೋ ಪದ ನಿಯಮದಲ್ಲೇ ಐತೆ. ಬರೆದೋರಿಗೆ ಗಡ್ಡಿ ಗೊತ್ತಿತ್ತೋ ಇಲ್ಲವೋ, ಗಡ್ಡಿಗಾಗಿಯೇ ಬರೆದಂಗೈತೆ.

ಇನ್ನೊಂದು ಕಡೆ, ಕೆಲವು ವರ್ಷಕ್ಕೊಮ್ಮೆ ಕಡಿಮೆ ಮಕ್ಕಳಿರೋ ಶಾಲೆಗಳನ್ನ ಹತ್ತಿರದ ಶಾಲೆಗೆ ಸೇರಿಸೋ ಮಾತು ಏಳುತ್ತೆ. ಬಿಕಾಂ ಓದೋನಾಗಿ ಆ ಲೆಕ್ಕ ನನಗೆ ಅರ್ಥ ಆಗುತ್ತೆ: ಹನ್ನೆರಡು ಮಕ್ಕಳಿಗೆ ಇಬ್ಬರು ಮಾಸ್ತರು ಅಂದ್ರೆ ಒಂದು ಮಗುವಿನ ಮೇಲೆ ಬೀಳೋ ಖರ್ಚು ಜಾಸ್ತಿ. ಆದ್ರೆ 1823ರಲ್ಲಿ ಬಳ್ಳಾರಿ ಜಿಲ್ಲೆಯ ಶಾಲೆಯ ಸರಾಸರಿಯೇ ಹನ್ನೆರಡಿತ್ತಲ್ಲ. ಇನ್ನು ನಕ್ಷೆ ಮೇಲೆ ಹತ್ತಿರ ಕಾಣೋ ಶಾಲೆಗೂ ಗಡ್ಡಿಗೂ ನಡುವೆ ಇರೋದು ರಸ್ತೆ ಅಲ್ಲ, ಸೆಕೆಂಡಿಗೆ ಐನೂರು ಟ್ಯಾಂಕರ್. ಯುನಿಟ್ ಕಾಸ್ಟ್ ಲೆಕ್ಕವನ್ನ ದಡದ ಊರಿಗೆ ಹಾಕ್ರಿ, ವಾದ ಮಾಡೋಣ. ಗಡ್ಡಿಗೆ ಆ ಫಾರ್ಮುಲಾ ಹಾಕೋದು ನನ್ನ ಮಟ್ಟಿಗೆ ತಪ್ಪು.

ಭಾಗ 9

ಬೇರೆ ಕಡೆ ಏನು ಮಾಡಿದಾರೆ? ಬಾಂಗ್ಲಾದೇಶದಲ್ಲಿ 2002ರಲ್ಲಿ, ನಮ್ಮಲ್ಲಿ ಬಿಸಿಯೂಟ ಶುರುವಾದ ವರ್ಷವೇ, ಮೊಹಮ್ಮದ್ ರೆಜ್ವಾನ್ ಅನ್ನೋ ಆರ್ಕಿಟೆಕ್ಟ್ ದೋಣಿಯನ್ನೇ ಶಾಲೆ ಮಾಡಿದ್ರು. ದೋಣಿ ಮನೆಮನೆ ದಡಕ್ಕೆ ಹೋಗಿ ಮಕ್ಕಳನ್ನ ಹತ್ತಿಸಿಕೊಂಡು, ಒಂದು ಕಡೆ ನಿಂತು ಪಾಠ ಮಾಡಿ, ವಾಪಸ್ ಬಿಡುತ್ತೆ. ಮಗುವಿನ ಮನೆಗೇ ಶಾಲೆ ಬರೋದು! ಕ್ಯಾಂಪ್‌ಬೆಲ್ ಬರೆದ ಬಳ್ಳಾರಿಯ ಮೊದಲ ದಿನ ನೆನಪಾಗಲಿಲ್ವಾ? ಅವರ ನದಿ ಬಯಲು ಸೀಮೆಯಲ್ಲಿ ನಿಧಾನಕ್ಕೆ ಹರಡೋ ನೀರು, ನಮ್ಮ ಕೃಷ್ಣೆ ಬಂಡೆಗಳ ನಡುವೆ ಧುಮುಕೋ ನೀರು. ಹಂಗಾಗಿ ಅದನ್ನ ಹಂಗೇ ಇಲ್ಲಿ ತರೋಕಾಗಲ್ಲ.

ನಮ್ಮಲ್ಲೇ ಶರಾವತಿ ಹಿನ್ನೀರಿನ ತುಮರಿ ಕಡೆ ನೋಡಿ. 1964ರಲ್ಲಿ ಲಿಂಗನಮಕ್ಕಿ ತುಂಬಿದ ಮೇಲೆ ಆ ಊರುಗಳು ದ್ವೀಪದಂಗಾದವು. ಸಾಗರದಿಂದ ಬರೋ ಮೇಷ್ಟ್ರು, ಸಾಗರಕ್ಕೆ ಹೋಗೋ ವಿದ್ಯಾರ್ಥಿಗಳು ಎಲ್ಲರಿಗೂ ಅಂಬಾರಗೊಡ್ಲು ಕಳಸವಳ್ಳಿ ನಡುವಿನ ಲಾಂಚೇ ದಾರಿ. ಸಂಜೆ ಕೊನೇ ಲಾಂಚ್ ತಪ್ಪಿದ್ರೆ ಮುಗೀತು. ಅರುವತ್ತು ವರ್ಷ ಕೇಳಿದ ಮೇಲೆ 2025ರ ಜುಲೈ 14ಕ್ಕೆ ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆ ಆಯ್ತು. ಆ ವರ್ಷ ಶಾಲೆ ಶುರುವಾಗಿದ್ದು ಸೇತುವೆಗಿಂತ ಒಂದೂವರೆ ತಿಂಗಳು ಮೊದಲು. ಅಂದ್ರೆ ಸೇತುವೆ ಇಲ್ಲದೆ ಶಾಲೆಯ ಮೊದಲ ದಿನ ಕಂಡ ಕೊನೆಯ ಬ್ಯಾಚ್ ಆ ವರ್ಷದ್ದು.

ಸೇತುವೆ ಕಟ್ಟೋತನಕ ಕೃಷ್ಣೆಯ ಗಡ್ಡಿಗಳಿಗೆ ಉಳಿದಿರೋ ದಾರಿ ಹಾಸ್ಟೆಲ್. 2004ರಲ್ಲಿ ಬಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಇರೋದೇ ಇಂಥ ಹುಡುಗಿಯರಿಗೆ, ಆರನೇ ಕ್ಲಾಸಿನಿಂದ ಊಟ ವಸತಿ ಸಮೇತ. ಜೂನ್‌ನಲ್ಲಿ ನೀರು ಇಳಿದಿರುವಾಗ ಒಂದು ಸಲ ಹೊಳೆ ದಾಟಿದ್ರೆ ಸಾಕು, ದಿನಾ ದಾಟಬೇಕಿಲ್ಲ. ನನ್ನ ಪ್ರಕಾರ ಗಡ್ಡಿಯ ಹುಡುಗಿಗೆ ಅತಿ ಮುಖ್ಯ ಮೊದಲ ದಿನ ಇದೇ: ಟ್ರಂಕು ಹಿಡಿದು ಹರಿಗೋಲು ಹತ್ತಿ, ಅಮ್ಮನ ಕಡೆ ತಿರುಗಿ ಕೂತ ದಿನ. ಹರಿಗೋಲು ತಿರುಗ್ತಾನೇ ಹೋಗೋದರಿಂದ ಅಮ್ಮ ಒಮ್ಮೆ ಕಾಣ್ತಾಳೆ, ಒಮ್ಮೆ ಕಾಣಲ್ಲ.

ಲಿಂಗಸುಗೂರು, ದೇವದುರ್ಗ, ಸುರಪುರ, ಶಕ್ತಿನಗರ ಕಡೆಯವರು ಯಾರಾದ್ರೂ ಇದನ್ನ ಓದ್ತಿದ್ರೆ ಕೆಳಗೆ ಬರೀರಿ, ನಾಚ್ಕೋಬೇಡಿ. ನಿಮ್ಮ ಪಕ್ಕದ ಗಡ್ಡಿಯಲ್ಲಿ ಈ ವರ್ಷ ಐದನೇ ಕ್ಲಾಸ್ ಮುಗಿಸಿದ ಹುಡುಗಿಯರು ಎಷ್ಟು ಜನ? ಅವರಲ್ಲಿ ಆರಕ್ಕೆ ಸೇರಿದ್ದು ಎಷ್ಟು?